ಮಂಗಳವಾರ ತುಂಬುವ ಕೆರೆ

ಬಸ್ಸಿನಲ್ಲಿ ಆಯುಷ್ಯವೆಲ್ಲ ಟಿಕೆಟ್ ಹರಿದವನಿಗೆ ನಿವೃತ್ತಿಯಾದ ಮೇಲೆ ಬರುವ ಮೊದಲ ಕಷ್ಟವೆಂದರೆ ಅವನು ಹೇಳಿದ್ದನ್ನು ಯಾರೂ ಕೇಳದಿರುವುದು. ಬೈರಕೂರಿನ ಪಕ್ಕದ ಕೊತ್ತಗೆರೆಯ ಸೊಣ್ಣಪ್ಪನಿಗೆ ಆದದ್ದೂ ಅದೇ. ಸರ್ವಿಸಿನಲ್ಲಿದ್ದಾಗ ಅವನು 'ಒಳಗೆ ಹೋಗ್ರೀ' ಎಂದರೆ ಮುಳಬಾಗಿಲಿನಲ್ಲಿ ಹತ್ತಿದ ವಕೀಲರಿಂದ ಹಿಡಿದು ಮೇಕೆಮರಿ ಸಮೇತ ಹತ್ತಿದ ಅಜ್ಜಿಯವರೆಗೆ ಎಲ್ಲರೂ ಒಳಗೆ ಹೋಗುತ್ತಿದ್ದರು. ಒಂದು ಸೀಟಿ ಊದಿದರೆ ಬಸ್ಸು ನಿಲ್ಲುತ್ತಿತ್ತು, ಎರಡು ಊದಿದರೆ ಹೊರಡುತ್ತಿತ್ತು. ಈಗ ಮನೆಯಲ್ಲಿ ಕಾಫಿ ಕೇಳಿದರೆ ಹೆಂಡತಿ ವೆಂಕಟರತ್ನಮ್ಮ, "ಇರು, ಎಮ್ಮೆಗೆ ಹುಲ್ಲು ಹಾಕಿ ಬರ್ತೀನಿ" ಎನ್ನುತ್ತಿದ್ದಳು. ಎಮ್ಮೆಯಾದ ಮೇಲೆ ತನ್ನ ಸರದಿ ಎಂಬುದನ್ನು ಒಪ್ಪಿಕೊಳ್ಳುವುದು ಯಾವ ಕಂಡಕ್ಟರಿಗೂ ಸುಲಭವಲ್ಲ.

ಇಂಥ ಹೊತ್ತಿನಲ್ಲಿ ಅವನು ಹೆಂಡತಿಯ ತಮ್ಮ ನರೇಶನ ಕೈಗೆ ಸಿಕ್ಕಿದ. ನರೇಶ ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಮನೆ ಲಕ್ಕೂರಿನಲ್ಲಿ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲೇ ಶೇರು ಕೊಂಡು ಟೀ ಬಿಡುವಿನಲ್ಲಿ ಮಾರುವಷ್ಟು ಮುಂದುವರಿದವನು. ಅಕ್ಕನ ಮನೆಗೆ ಹಬ್ಬಕ್ಕೆ ಬಂದವನು ಎಲೆಯ ಮುಂದೆ ಕೂತು, "ಬಾವ, ನಿಮ್ಮ ದುಡ್ಡು ಬ್ಯಾಂಕಲ್ಲಿ ಮಲಗಿದೆ. ಎಬ್ಬಿಸಿ" ಎಂದ. ಸಿಮೆಂಟು, ಔಷಧಿ, ಪೈಪು ಎಂದು ಕಂಪನಿಗಳನ್ನು ಒಂದೊಂದಾಗಿ ಬಡಿಸುತ್ತ ಹೋಗಿ ಕೊನೆಗೆ ನೀರಿನಿಂದ ಕರೆಂಟು ಮಾಡುವ ಗಿರಿಧಾರಾ ಎಂಬ ಕಂಪನಿಗೆ ಬಂದ.

"ಅವರಿಗೆ ನೀರು ಯಾರು ಕೊಡ್ತಾರೋ?" ಎಂದು ಸೊಣ್ಣಪ್ಪ ಕೇಳಿದ.

"ಯಾರೂ ಕೊಡಲ್ಲ ಬಾವ. ಆಕಾಶದಿಂದ ಬರುತ್ತೆ."

"ಬೋರ್‌ವೆಲ್ ಕೊರೆಸ್ಬೇಕಾ?"

"ಬೇಡ."

"ಟ್ಯಾಂಕರು?"

"ಅದೂ ಬೇಡ. ಮಳೆ ಬಿದ್ದು ಜಲಾಶಯ ತುಂಬುತ್ತೆ. ಮೇಲಿಂದ ಬಿಟ್ರೆ ಚಕ್ರ ತಿರುಗುತ್ತೆ."

"ಕರೆಂಟು ಮಾಡಿದ್ಮೇಲೆ ನೀರು ಖರ್ಚಾಗೋಯ್ತು ತಾನೆ?"

"ಎಲ್ಲಿ ಖರ್ಚು ಬಾವ. ನೀರು ನೀರಾಗೇ ಇರುತ್ತೆ. ಕೆಳಗೆ ಇನ್ನೊಂದು ಕಡೆ ಅದೇ ನೀರಲ್ಲಿ ಇನ್ನೊಂದ್ಸಲ ಕರೆಂಟು ಮಾಡ್ತಾರೆ."

ಸೊಣ್ಣಪ್ಪನ ಕೈ ಮುದ್ದೆಯಲ್ಲೇ ನಿಂತುಹೋಯಿತು. ಸಾವಿರದೈನೂರು ಅಡಿ ಕೊರೆಸಿ ಧೂಳು ಕಂಡ ಸೀಮೆಯಲ್ಲಿ ಹುಟ್ಟಿದವನು ಅವನು. ಪುಕ್ಕಟೆ ಬರುವ ನೀರು, ಒಮ್ಮೆ ದುಡಿದ ಮೇಲೂ ಸವೆಯದ ನೀರು, ಮೇಲಿಂದ ಕೆಳಗೆ ಬಿದ್ದರೇ ಕಾಸು ಕೊಡುವ ನೀರು. ಕೋಲಾರ ಜಿಲ್ಲೆಯವನೊಬ್ಬನಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಮಾತನ್ನು ಯಾರೂ ಹೇಳಲಾರರು. ಅವನ ಕಣ್ಣು ಒದ್ದೆಯಾಯಿತು. ಸಾರು ಖಾರವಾಯಿತೇನೋ ಎಂದು ವೆಂಕಟರತ್ನಮ್ಮ ತುಪ್ಪ ಹಾಕಿದಳು. ಎಲೆ ಎತ್ತುವಷ್ಟರಲ್ಲಿ ಸೊಣ್ಣಪ್ಪ ಹೂಡಿಕೆದಾರನಾಗಿದ್ದ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ಶೇರು ಇಳಿಯಿತು. ಗಾಬರಿಯಿಂದ ಫೋನು ಮಾಡಿದರೆ ನರೇಶ, "ಈ ಸಲ ಅಲ್ಲಿ ಮಳೆ ಕಮ್ಮಿ ಬಾವ. ಜಲಾಶಯದ ಮಟ್ಟ ಇಳಿದಿದೆ, ಅರ್ಧ ಚಕ್ರ ನಿಂತಿವೆ. ಮಳೆ ಬಂದ್ರೆ ಸರಿಹೋಗುತ್ತೆ" ಎಂದ. ಅಂದಿನಿಂದ ಸೊಣ್ಣಪ್ಪ ಮೋಡ ನೋಡತೊಡಗಿದ. ನರೇಶನು ಜಲಾಶಯ ಎನ್ನುತ್ತಿದ್ದದ್ದನ್ನು ಅವನು ಕೆರೆ ಎಂದೇ ಕರೆಯುತ್ತಿದ್ದ. ನಮ್ಮ ಕಡೆ ನಿಂತ ನೀರೆಲ್ಲ ಕೆರೆಯೇ ತಾನೆ.

ಆದರೆ ಮಳೆ ಎಲ್ಲಿ ಬರಬೇಕು ಎನ್ನುವುದು ಅವನ ತಲೆಗೆ ಹೋಗಿರಲಿಲ್ಲ. ಮೇ ತಿಂಗಳಲ್ಲಿ ಶ್ರೀನಿವಾಸಪುರದ ತಂಗಿ ಅನಸೂಯಮ್ಮನ ಮನೆಗೆ ಹೋಗಿದ್ದಾಗ ಸಂಜೆ ಬಿರುಗಾಳಿ ಎದ್ದು ಆಲಿಕಲ್ಲು ಮಳೆ ಸುರಿಯಿತು. ಅನಸೂಯಮ್ಮ ಬಾಗಿಲಲ್ಲಿ ನಿಂತು ತೋಟದಲ್ಲಿ ಮಾವಿನಕಾಯಿ ದಬದಬ ಉದುರುವುದನ್ನು ನೋಡುತ್ತ ಎದೆ ಹಿಡಿದುಕೊಂಡಿದ್ದರೆ, ಸೊಣ್ಣಪ್ಪ ಪಂಚೆ ಮೇಲೆ ಕಟ್ಟಿ ಅಂಗಳದಲ್ಲಿ ನೆನೆಯುತ್ತ, "ಬರಲಿ, ಇನ್ನೂ ಬರಲಿ, ಬಿಡಬೇಡ" ಎಂದು ಆಕಾಶಕ್ಕೆ ಕೈ ಬೀಸುತ್ತಿದ್ದ. ಅಂದು ತಂಗಿ ಅಣ್ಣನಿಗೆ ಊಟಕ್ಕಿಟ್ಟಳು, ಮಾತಾಡಲಿಲ್ಲ. ಮರುದಿನ ಸಂಭ್ರಮದಿಂದ ಫೋನು ಮಾಡಿದಾಗ ನರೇಶ ತಲೆ ಚಚ್ಚಿಕೊಂಡ.

"ಬಾವ, ಶ್ರೀನಿವಾಸಪುರದ ಮಳೆ ತಗೊಂಡು ಏನ್ಮಾಡ್ತೀರಿ. ನಿಮ್ಮ ಕೆರೆ ಇರೋದು ಹಿಮಾಲಯದ ಬುಡದಲ್ಲಿ."

"ಅಷ್ಟು ದೂರ ಯಾಕೋ ಕಟ್ಟಿದ್ರು?"

"ಅಲ್ಲಿ ಮಳೆ ಬರುತ್ತಲ್ಲ ಬಾವ, ಅದಕ್ಕೆ."

ಈ ವಿವರಣೆಯಲ್ಲಿ ಸೊಣ್ಣಪ್ಪನಿಗೆ ಯಾವ ತಪ್ಪೂ ಕಾಣಲಿಲ್ಲ. ತನ್ನ ಕೆರೆ ಹಿಮಾಲಯದಲ್ಲಿದೆ ಎಂಬುದು ಗೊತ್ತಾದ ಮೇಲೆ ಅವನ ನಡಿಗೆಯೇ ಬದಲಾಯಿತು. ಇಷ್ಟು ದೊಡ್ಡ ವಿಷಯ ಊರಿಗೆ ಗೊತ್ತಾಗದೆ ಹೋದರೆ ಹೇಗೆ? ಮನೆಯ ಮುಂದೆ ಒಂದು ಬೋರ್ಡು ಹಾಕಿಸುವುದೆಂದು ನಿಶ್ಚಯಿಸಿ ಮುಳಬಾಗಿಲಿನಿಂದ ಪೇಂಟರ್ ಬಿಲಾಲನನ್ನು ಕರೆತಂದ. 'ಎನ್. ಸೊಣ್ಣಪ್ಪ, ಜಲವಿದ್ಯುತ್ ಹೂಡಿಕೆದಾರರು' ಎಂದು ಬರೆಯಬೇಕಿತ್ತು. ಹಲಗೆ ಚಿಕ್ಕದಿತ್ತು, ಸೊಣ್ಣಪ್ಪನ ಆಸೆ ದೊಡ್ಡದಿತ್ತು. 'ಜಲವಿದ್ಯುತ್' ಮುಗಿಯುವಷ್ಟರಲ್ಲಿ ಹಲಗೆಯ ಅಂಚು ಬಂದುಬಿಟ್ಟಿತು. ಬಿಲಾಲ್ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು, "ಅಣ್ಣಾ, ಅಕ್ಷರ ಚಿಕ್ಕದು ಮಾಡಿ ಬರೀಲಾ, ಇಲ್ಲಾ ಆ ಕೊನೆ ಪದ ಬಿಡ್ಲಾ?" ಎಂದ.

"ಅಕ್ಷರ ಮಾತ್ರ ಚಿಕ್ಕದಾಗೋದು ಬೇಡ" ಎಂದ ಸೊಣ್ಣಪ್ಪ.

ಹಾಗಾಗಿ ಬೋರ್ಡು 'ಎನ್. ಸೊಣ್ಣಪ್ಪ, ಜಲವಿದ್ಯುತ್' ಎಂದು ದಪ್ಪ ಅಕ್ಷರಗಳಲ್ಲಿ ಬೀದಿಗೆ ಮುಖ ಮಾಡಿ ನಿಂತಿತು. ಓದಿದವರು ಅದನ್ನು ನೀರು ಮತ್ತು ಕರೆಂಟು ಎಂದು ಬಿಡಿಸಿಕೊಂಡರು. ಸರ್ಕಾರ ನಿವೃತ್ತರಿಗೆ ಏನೋ ಹೊಸ ಹುದ್ದೆ ಕೊಟ್ಟಿರಬೇಕೆಂದು ಊರು ತೀರ್ಮಾನಿಸಿತು.

ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ಭಾರತಮ್ಮ ಬಂದು ಜಗಲಿಯ ಮೇಲೆ ಕೂತಳು. ಊರಿಗೆ ಹಿರಿಯಳು, ಒಬ್ಬಳೇ ನಿಂತು ಕೆರೆಯಂಗಳದಲ್ಲಿ ಟೊಮೇಟೊ ಬೆಳೆಯುವ ಗಟ್ಟಿ ಹೆಂಗಸು. "ಲೇ ಸೊಣ್ಣಪ್ಪ, ಟ್ರಾನ್ಸ್‌ಫಾರ್ಮರ್ ಸುಟ್ಟು ವಾರ ಆಯ್ತು. ಮೋಟ್ರು ಓಡ್ತಿಲ್ಲ. ನೋಡಪ್ಪ ಒಸಿ" ಎಂದಳು.

ತನಗೇಕೆ ಹೇಳುತ್ತಾಳೆಂದು ಸೊಣ್ಣಪ್ಪನಿಗೆ ಅರ್ಥವಾಗಲಿಲ್ಲ. ಆದರೆ ಸೀಟು ಸಿಗುತ್ತಾ ಎಂದು ಕೇಳಿದವರಿಗೆಲ್ಲ ಮುಂದೆ ಸಿಗುತ್ತೆ ಎಂದು ಹೇಳಿಯೇ ಬಾಳಿದ ನಾಲಗೆ ಅದು. "ಆಗುತ್ತೆ ಹೋಗಕ್ಕ, ಆಗುತ್ತೆ" ಎಂದುಬಿಟ್ಟ. ಅಂದೇ ಮಧ್ಯಾಹ್ನ ಲೈನ್‌ಮನ್‌ಗಳು ಹೊಸ ಟ್ರಾನ್ಸ್‌ಫಾರ್ಮರನ್ನು ಟ್ರಾಕ್ಟರಿನಲ್ಲಿ ತಂದು ಏರಿಸಿದರು. ಭಾರತಮ್ಮ ಒಂದು ಪುಟ್ಟಿ ಟೊಮೇಟೊ ತಂದು ಮನೆ ಮುಂದಿಟ್ಟು ಹೋದಳು. ತಾನು ಏನು ಮಾಡಿದೆನೆಂದು ಗೊತ್ತಿಲ್ಲದಿದ್ದರೂ ಜನ ಮತ್ತೆ ತನ್ನ ಮಾತು ಕೇಳುತ್ತಿದ್ದಾರೆ ಎಂಬುದಷ್ಟೇ ಸೊಣ್ಣಪ್ಪನಿಗೆ ಸಾಕಾಗಿತ್ತು. ಅವನು ವಿಚಾರಿಸಲು ಹೋಗಲಿಲ್ಲ.

ಈಗ ಕೊತ್ತಗೆರೆಯ ಕೆರೆಯ ಬಗ್ಗೆ ಒಂದು ಮಾತು. ಹೆಸರಿಗೆ ಕೆರೆ. ನೀರು ನಿಂತದ್ದು ಅಪರೂಪ. ಖಾಲಿ ಬಿದ್ದ ಅಂಗಳದಲ್ಲಿ ಊರಿನ ಅರ್ಧ ಜನ ಟೊಮೇಟೊ, ಬೀನ್ಸು ಹಾಕಿದ್ದರು. ಅದು ಒತ್ತುವರಿ ಎಂದು ಸರ್ಕಾರ ಹೇಳುತ್ತಿತ್ತು, ಹೌದೆಂದು ಊರೂ ಒಪ್ಪಿಕೊಂಡು ಇನ್ನೊಂದು ಸಾಲು ನಾಟಿ ಮಾಡುತ್ತಿತ್ತು. ಈಚೆಗೆ ಜಿಲ್ಲೆಯ ಕೆಲವು ಕೆರೆಗಳಿಗೆ ಬೆಂಗಳೂರಿನಿಂದ ಪೈಪಿನಲ್ಲಿ ನೀರು ಬಂದು ತುಂಬಿತ್ತು. ಮುಂದಿನ ಸರದಿ ಯಾವ ಕೆರೆಯದು ಎನ್ನುವುದು ಸುತ್ತಲಿನ ಹಳ್ಳಿಗಳ ನಿತ್ಯದ ಜ್ಯೋತಿಷ್ಯವಾಗಿತ್ತು. ಇನ್ನೊಂದು ಸಂಗತಿಯೆಂದರೆ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಕೆರೆಯ ಏರಿಯ ಮೇಲೆ ಮಾತ್ರ.

ಆಷಾಢದ ಒಂದು ಶುಕ್ರವಾರ ಸೊಣ್ಣಪ್ಪ ಏರಿಯ ಮೇಲೆ ನಿಂತು ನರೇಶನ ಜೊತೆ ಮಾತಾಡುತ್ತಿದ್ದ. ಬಸ್ಸಿನ ಇಂಜಿನ್ನಿಗಿಂತ ಮೇಲೆ ಕೂಗಿ ಅಭ್ಯಾಸವಾದ ಗಂಟಲು. ಉತ್ತರದಲ್ಲಿ ಮಳೆ ಹಿಡಿದಿದೆ, ಜಲಾಶಯ ಏರುತ್ತಿದೆ, ಹೀಗೇ ಬಂದರೆ ಮಂಗಳವಾರಕ್ಕೆ ತುಂಬಿ ಗೇಟು ತೆಗೆಯುತ್ತಾರೆ ಎಂದು ನರೇಶ ಆ ಕಡೆಯಿಂದ ಹೇಳುತ್ತಿದ್ದ. ಅದು ಸೊಣ್ಣಪ್ಪನ ಕಿವಿಗೆ ಮಾತ್ರ ಬಿದ್ದಿತು. ಸೊಣ್ಣಪ್ಪ ಹೇಳಿದ್ದು ಕೆರೆಯಂಗಳದಲ್ಲಿ ಕಾಯಿ ಬಿಡಿಸುತ್ತಿದ್ದವರಿಗೆಲ್ಲ ಕೇಳಿಸಿತು.

"ಏನಂದೆ, ಕೆರೆ ತುಂಬುತ್ತಾ? ಮಂಗಳವಾರ? ಗ್ಯಾರಂಟಿ ತಾನೆ? ಸದ್ಯ ಕಣೋ, ಹೋಗಿದ್ದ ಜೀವ ಬಂತು. ಗೇಟು ತೆಗೀತಾರಾ? ತೆಗೀಲಿ, ತೆಗೀಲಿ. ನೀರು ನುಗ್ಗಿ ಬರ್ಲಿ."

ಟೊಮೇಟೊ ತುಂಬಿಸಿಕೊಳ್ಳಲು ಟೆಂಪೋ ತಂದಿದ್ದ ಮುಳಬಾಗಿಲಿನ ವ್ಯಾಪಾರಿ ಓಬೇದುಲ್ಲಾ ಏರಿಯ ಕೆಳಗೇ ನಿಂತಿದ್ದ. ಅವನು ಅವಸರದಲ್ಲಿ ಮೇಲೆ ಹತ್ತಿ ಬಂದ.

"ಸೊಣ್ಣಪ್ಪಣ್ಣ, ಕೆರೆ ತುಂಬೋದು ಪಕ್ಕಾನಾ?"

"ಪಕ್ಕಾ ಭಾಯ್."

"ಯಾರೋ ಹೇಳಿದ್ದೋ, ನಿಮಗೇ ಗೊತ್ತಿರೋದೋ?"

ಸೊಣ್ಣಪ್ಪ ನಕ್ಕು, "ನನ್ನ ದುಡ್ಡೇ ಆ ನೀರಲ್ಲಿದೆ ಭಾಯ್. ನನಗೆ ಗೊತ್ತಿಲ್ದೆ ಇರುತ್ತಾ?" ಎಂದು ಪಂಚೆ ಕೊಡವಿಕೊಂಡು ಮನೆಗೆ ಹೋದ. ತನ್ನ ಹೂಡಿಕೆಯ ಸುದ್ದಿ ಮುಳಬಾಗಿಲಿನವರೆಗೂ ತಲುಪಿದೆಯಲ್ಲ ಎಂದು ಹೆಮ್ಮೆಪಟ್ಟ. ಮರುದಿನ ಶನಿವಾರ ಮೊದಲ ಬಸ್ಸಿಗೆ, ನರೇಶನ ಮನೆಯ ಕಂಪ್ಯೂಟರಿನಲ್ಲಿ ತನ್ನ ಕೆರೆಯ ಮುಖ ನೋಡಿಬರಲು ಲಕ್ಕೂರಿಗೆ ಹೊರಟ. ಫೋನಿನ ಚಾರ್ಜರನ್ನು ಗೂಡಿನಲ್ಲೇ ಮರೆತು ಹೋದದ್ದರಿಂದ ಊರಿನ ಸುದ್ದಿ ಅವನಿಗೆ ತಲುಪಲಿಲ್ಲ.

ಸೋಮವಾರ ಸಂಜೆ ಅವನು ಹಿಂತಿರುಗಿದ. ಬಸ್ಸು ಏರಿಯ ತಿರುವು ಹತ್ತಿದಾಗ ಕಿಟಕಿಯಿಂದ ನೋಡಿದವನಿಗೆ ಬೇರೆ ಯಾವುದೋ ಊರಿಗೆ ಬಂದೆನೇನೋ ಅನ್ನಿಸಿತು. ಕೆರೆಯಂಗಳ ಬೋಳಾಗಿತ್ತು. ಹಸಿರು ಸಾಲುಗಳಿದ್ದ ಕಡೆ ಕೆಂಪು ಮಣ್ಣು ಬಾಯಿಬಿಟ್ಟುಕೊಂಡಿತ್ತು. ಗಿಡಕ್ಕೆ ಆನಿಸಿದ್ದ ಕಡ್ಡಿಗಳು ದಡದ ಮೇಲೆ ರಾಶಿ ಬಿದ್ದಿದ್ದವು, ಹನಿ ನೀರಾವರಿಯ ಪೈಪುಗಳು ಹಾವಿನಂತೆ ಸುತ್ತಿ ಮಲಗಿದ್ದವು. ಏರಿಗೆ ಸುಣ್ಣ ಬಳಿದಿದ್ದರು. ಮಾವಿನ ಸೊಪ್ಪಿನ ತೋರಣವಿತ್ತು. ಮಧ್ಯದಲ್ಲಿ ಭಾರತಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಂಗಮ್ಮನ ಪೂಜೆಗೆ ಕಲ್ಲು ತೊಳೆಸುತ್ತಿದ್ದಳು.

"ಏನಕ್ಕಾ ಇದು, ಹಬ್ಬನಾ?" ಎಂದು ಬಸ್ಸಿಳಿದ ಸೊಣ್ಣಪ್ಪ ಕೇಳಿದ.

"ಬಾರಪ್ಪ ಬಾ. ನಾಳೆ ನಿನ್ನ ಕೆರೆ ತುಂಬುತ್ತಲ್ಲ, ಅದಕ್ಕೆ."

ಹಿಮಾಲಯದ ತನ್ನ ಕೆರೆ ತುಂಬುವುದಕ್ಕೆ ಊರೆಲ್ಲ ಹಬ್ಬ ಮಾಡುತ್ತಿದೆಯೆಂದು ತಿಳಿದು ಸೊಣ್ಣಪ್ಪ ತೋರಣವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. "ನನಗೋಸ್ಕರ ಇಷ್ಟೆಲ್ಲ ಯಾಕಕ್ಕ" ಎಂದ.

"ಯಾಕೆ ಅಂದ್ರೆ? ನೀನು ಮುಂಚೆ ಹೇಳ್ದೆ ಇದ್ದಿದ್ರೆ ಬೆಳೆಯೆಲ್ಲ ಮುಳುಗಿ ಹೋಗ್ತಿತ್ತು. ಮೊನ್ನೆ ನಿನ್ನೆ ಎರಡೇ ದಿನಕ್ಕೆ ಬಲಿತಿದ್ದು ಬಲೀದಿದ್ದು ಎಲ್ಲಾ ಕಿತ್ತು ಓಬೇದುಲ್ಲಾ ಸಾಬರಿಗೆ ತುಂಬಿಸಿ ಕಳಿಸಿದ್ವಿ. ಇನ್ನು ನೀರು ಬರ್ಲಿ, ಬೇಕಾದಷ್ಟು ಬರ್ಲಿ."

ಸೊಣ್ಣಪ್ಪನ ಕೈಚೀಲ ನೆಲಕ್ಕೆ ಬಿತ್ತು. ಏನಾಗಿದೆ ಎಂಬುದು ಅವನಿಗೆ ಒಂದೊಂದೇ ಸ್ಟಾಪಿನಂತೆ ತಲೆಗೆ ಬಂತು. ಬೋರ್ಡು, ಟ್ರಾನ್ಸ್‌ಫಾರ್ಮರು, ಏರಿಯ ಮೇಲಿನ ಫೋನು. ಬೋಳು ಅಂಗಳದ ಕಡೆ ತಿರುಗಿ ನಿಂತ. ಅವನು ಭಾವುಕನಾಗಿದ್ದಾನೆಂದು ಭಾರತಮ್ಮ ಒಂದು ಲೋಟ ಮಜ್ಜಿಗೆ ಕೊಡಿಸಿದಳು.

ಮನೆಗೆ ಓಡಿದರೆ ವೆಂಕಟರತ್ನಮ್ಮ ಅಂಗಳದಲ್ಲಿ ಕೂತು ಎಳೆ ಬೀನ್ಸಿನ ನಾರು ಬಿಡಿಸುತ್ತಿದ್ದಳು. ಕೆರೆಯಂಗಳದಲ್ಲಿ ಅವರದೂ ಒಂದು ತುಂಡು ಬೀನ್ಸಿತ್ತು.

"ನೀನೂ ಕಿತ್ತುಬಿಟ್ಟಾ?" ಎಂದ ಸೊಣ್ಣಪ್ಪ.

"ಊರೆಲ್ಲ ಕೀಳುವಾಗ ಜಲವಿದ್ಯುತ್ ಹೆಂಡ್ತಿ ಸುಮ್ನೆ ಕೂತ್ಕೊಳ್ಳೋಕಾಗುತ್ತಾ?"

"ಅಯ್ಯೋ, ಅದು ಈ ಕೆರೆ ಅಲ್ಲ ಕಣೇ. ಹಿಮಾಲಯದ ಹತ್ರ ಇರೋ ಕೆರೆ."

ವೆಂಕಟರತ್ನಮ್ಮ ಕೈಯಲ್ಲಿದ್ದ ಬೀನ್ಸನ್ನು ಮೊರಕ್ಕೆ ಹಾಕಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏಮಯ್ಯಾ, ಮೂರು ತಿಂಗಳಿಂದ ಕೆರೆ ತುಂಬುತ್ತೆ, ಕೆರೆ ತುಂಬುತ್ತೆ ಅಂತ ನಿದ್ದೇಲೂ ಬಡಬಡಿಸ್ತಿದ್ದೆ. ಯಾವ ಕೆರೆ ಅಂತ ಒಂದು ದಿನ ಬಾಯಿ ಬಿಟ್ಟು ಹೇಳಿದ್ಯಾ?"

ರಾತ್ರಿ ಸೊಣ್ಣಪ್ಪ ಎಲೆಯ ಮುಂದೆ ಕೂತ. ಊಟ ಸೇರಲಿಲ್ಲ. ಎಳೆಗಾಯಿ ಕಿತ್ತ ಮನೆಗಳನ್ನೆಲ್ಲ ಮನಸ್ಸಿನಲ್ಲಿ ಎಣಿಸತೊಡಗಿದ, ನಡುವೆಯೇ ಬಿಟ್ಟುಬಿಟ್ಟ. ಇನ್ನು ಹದಿನೈದು ದಿನ ಗಿಡದಲ್ಲೇ ಬಿಟ್ಟಿದ್ದರೆ ಚಿನ್ನದಂಥ ಬೆಳೆ. ಅವರು ನಂಬಿದ್ದು ಬೋರ್ಡನ್ನಲ್ಲ, ತನ್ನ ಬಾಯನ್ನು. ಹೆಂಡತಿ ಕೊನೆಗೆ, "ನಾಳೆ ನೀರು ಬರಲ್ಲ. ಅದು ಊರಿಗೆ ಗೊತ್ತಾಗೋಕೆ ಮುಂಚೆ ನಿನ್ನ ಮಾತು ಬರ್ಲಿ" ಎಂದಳು. ಅದಕ್ಕಿಂತ ಬೇರೆ ದಾರಿ ಅವನಿಗೂ ಕಾಣಲಿಲ್ಲ.

ಬೆಳಗಾಗುತ್ತಿದ್ದಂತೆ ಬಾಗಿಲಿಗೆ ಬೈಕು ಬಂದು ನಿಂತಿತು. ಇಳಿದವರು ಗ್ರಾಮ ಆಡಳಿತಾಧಿಕಾರಿ ಅನಿಲ್‌ಕುಮಾರ್. ಎಳೆ ವಯಸ್ಸು, ಇಸ್ತ್ರಿ ಮಾಡಿದ ಷರಟು, ಮುಖದಲ್ಲಿ ಸಿಟ್ಟು.

"ಯಾವ ಇಲಾಖೆ ನಿಮ್ಮದು? ಈ ಕೆರೆಗೆ ನೀರು ಬಿಡೋ ಆದೇಶ ನಮ್ಮ ಆಫೀಸಿಗೇ ಬಂದಿಲ್ಲ. ನಿಮಗೆ ಯಾರು ಹೇಳಿದ್ರು?"

ಸೊಣ್ಣಪ್ಪ ಕೈ ಮುಗಿದು ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದ. ಹೇಳುತ್ತ ಹೋದಂತೆ ಸಾಹೇಬರ ಮುಖದ ಸಿಟ್ಟು ಕರಗಿ ಅಲ್ಲಿ ಬೇರೆ ಏನೋ ಬೆಳಗತೊಡಗಿತು.

"ಅಂದ್ರೆ ಜನ ತಾವಾಗೇ ಕೆರೆಯಂಗಳ ಖಾಲಿ ಮಾಡಿದ್ದಾರೆ?"

"ಮಾಡಿಬಿಟ್ಟಿದ್ದಾರೆ ಸಾರ್. ಕಡ್ಡಿ ಸಮೇತ."

"ಪೂರ್ತಿ?"

"ನಮ್ಮ ಬೀನ್ಸೂ ಸೇರಿ ಸಾರ್."

ಅನಿಲ್‌ಕುಮಾರ್ ಜಗಲಿಯ ಮೇಲೆ ಕೂತುಬಿಟ್ಟರು. "ಎರಡು ವರ್ಷ ಆಯ್ತು ಸೊಣ್ಣಪ್ಪನೋರೇ, ಈ ಒತ್ತುವರಿ ತೆರವು ಮಾಡಿಸ್ರೀ ಅಂತ ಮೇಲಿನವರು ನನ್ನ ಪ್ರಾಣ ತಿಂತಿದ್ದಾರೆ. ನೋಟಿಸು ಕೊಟ್ಟೆ, ಅದರಲ್ಲಿ ಕಡಲೆಕಾಯಿ ಕಟ್ಟಿಕೊಟ್ರು. ಜೆಸಿಬಿ ತಂದೆ, ಡ್ರೈವರ್‌ಗೆ ಊಟ ಹಾಕಿ ವಾಪಸ್ ಕಳಿಸಿದ್ರು. ನೀವು ಒಂದು ಫೋನಲ್ಲಿ ಮುಗಿಸಿದ್ದೀರಿ." ಅವರು ದನಿ ತಗ್ಗಿಸಿದರು. "ನಿಮ್ಮಲ್ಲಿ ಒಂದೇ ಬೇಡಿಕೆ. ನಾನು ಹೋಗಿ ಫೋಟೋ ಹೊಡ್ಕೊಂಡು ಮೇಲಕ್ಕೆ ಕಳಿಸೋವರೆಗೂ ನೀವು ಬಾಯಿ ಬಿಡಬೇಡಿ. ನಾಳೆ ಹೇಳಿ. ಇಲ್ಲಾ ಹೇಳಲೇ ಬೇಡಿ. ನೀರು ಬರಲಿಲ್ಲ ಅಂದ್ರೆ ಪೈಪು ಒಡೆದಿದೆ ಅಂದುಬಿಡೋಣ."

ಸೊಣ್ಣಪ್ಪನಿಗೆ ಆ ಮಾತು ಒಂದು ಗಳಿಗೆ ಸಿಹಿಯಾಗಿಯೇ ಕೇಳಿಸಿತು. ಸರ್ಕಾರವೇ ಸುಳ್ಳು ಹೇಳಲು ಒಪ್ಪಿರುವಾಗ ತನ್ನದೇನು ಎಂದೂ ಅನ್ನಿಸಿತು. ಅಷ್ಟರಲ್ಲಿ ಏರಿಯ ಕಡೆಯಿಂದ ತಮಟೆಯ ಸದ್ದು ಬಂತು. ಆ ಸದ್ದಿನಲ್ಲಿ ಅವನಿಗೆ ಕೂತಿರಲಾಗಲಿಲ್ಲ. ಚಪ್ಪಲಿ ಮೆಟ್ಟದೆ ಹೊರಟ. "ಸೊಣ್ಣಪ್ಪನೋರೇ, ಹತ್ತೇ ನಿಮಿಷ" ಎನ್ನುತ್ತ ಅನಿಲ್‌ಕುಮಾರ್ ಬೈಕು ತಳ್ಳಿಕೊಂಡು ಹಿಂದೆ ಬಂದರು.

ಏರಿಯ ಮೇಲೆ ಊರು ನೆರೆದಿತ್ತು. ಹೆಂಗಸರು ಮೊರದ ಬಾಗಿನ ಹಿಡಿದು ಸಾಲಾಗಿ ನಿಂತಿದ್ದರು. ಹುಣಸೆ ಮರದ ಕೆಳಗೆ ಕೊಳದಪ್ಪಲೆಯಲ್ಲಿ ಪಾಯಸ ಕುದಿಯುತ್ತಿತ್ತು. ಎಲ್ಲರೂ ನೀರು ಬರುವ ದಿಕ್ಕು ಯಾವುದೆಂದು ಗೊತ್ತಿಲ್ಲದೆ ಎಲ್ಲ ದಿಕ್ಕಿಗೂ ನೋಡುತ್ತಿದ್ದರು. ಸೊಣ್ಣಪ್ಪ ತೂಬಿನ ಕಲ್ಲು ಹತ್ತಿ ನಿಂತ. ತಮಟೆ ನಿಂತಿತು.

"ಈ ಕೆರೆಗೆ ನೀರು ಬರಲ್ಲ" ಎಂದ.

ಹೆಂಗಸರ ಕೈಯ ಮೊರಗಳು ಒಂದೊಂದಾಗಿ ಕೆಳಗಿಳಿದವು.

"ನಾನು ಯಾವ ಇಲಾಖೆಯವನೂ ಅಲ್ಲ. ಹಿಮಾಲಯದ ಹತ್ರ ಕರೆಂಟು ಮಾಡೋ ಕಂಪನೀಲಿ ದುಡ್ಡು ಹಾಕಿದ್ದೀನಿ, ಅಷ್ಟೇ. ಅವತ್ತು ಫೋನಲ್ಲಿ ಅಂದಿದ್ದು ಆ ಕೆರೆ. ಓಬೇದುಲ್ಲಾ ಭಾಯ್ ಕೇಳ್ದಾಗಲೂ ಅದೇ ಅಂದ್ಕೊಂಡು ಹೇಳ್ದೆ. ಟ್ರಾನ್ಸ್‌ಫಾರ್ಮರೂ ನಾನು ತರಿಸಿದ್ದಲ್ಲ. ಗೊತ್ತಿಲ್ಲ ಅಂತ ಹೇಳೋಕೆ ನನಗೆ ಬರಲ್ಲ, ಅದೊಂದು ರೋಗ. ನಿಮ್ಮ ಬೆಳೆ ಹಾಳು ಮಾಡ್ದೆ. ಬೈದ್ರೂ ಸರಿ, ಹೊಡೆದ್ರೂ ಸರಿ."

ಪಾಯಸ ಕುದಿಯುವ ಸದ್ದು ಮಾತ್ರ ಉಳಿಯಿತು. ಅನಿಲ್‌ಕುಮಾರ್ ಆ ಮೌನದಲ್ಲೇ ಚಕಚಕ ನಾಲ್ಕು ಫೋಟೋ ಹೊಡೆದುಕೊಂಡರು. ಆಮೇಲೆ ಒಮ್ಮೆಲೇ ಗದ್ದಲ ಎದ್ದಿತು. "ಹಿಮಾಲಯ ಎಲ್ಲಿ, ಕೊತ್ತಗೆರೆ ಎಲ್ಲಿ" ಎಂದು ಒಬ್ಬ. "ನನ್ನ ಎಳೆಗಾಯಿ ಅಯ್ಯೋ" ಎಂದು ಒಬ್ಬಳು. ತಮಟೆಯವನು ಬಾರಿಸಬೇಕೋ ಬೇಡವೋ ಎಂದು ಕಡ್ಡಿ ಎತ್ತಿ ಹಿಡಿದೇ ನಿಂತಿದ್ದ. ಭಾರತಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಲೇ ಸೊಣ್ಣಪ್ಪ, ಇಳಿ ಕೆಳಗೆ" ಎಂದಳು. ಸೊಣ್ಣಪ್ಪ ಇಳಿದು ತಲೆ ತಗ್ಗಿಸಿ ನಿಂತ. ಮೊದಲ ಏಟು ಅವಳದೇ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು.

ಅಷ್ಟರಲ್ಲಿ ಓಬೇದುಲ್ಲಾನ ಟೆಂಪೋ ಬಂತು. ಕೋಲಾರದ ಮಾರುಕಟ್ಟೆಯಿಂದ ನೇರ ಬಂದಿದ್ದ, ಇನ್ನೂ ಹಲ್ಲುಜ್ಜಿದಂತಿರಲಿಲ್ಲ. ಜನ ಅವನಿಗೆ ಮುತ್ತಿಗೆ ಹಾಕಿ ಎಲ್ಲರೂ ಒಟ್ಟಿಗೇ ಕಥೆ ಹೇಳಿದರು. ಅವನು ಕೇಳಿಸಿಕೊಂಡು ಟೆಂಪೋದ ಮೆಟ್ಟಿಲ ಮೇಲೆ ಕೂತು ನಗತೊಡಗಿದ.

"ಯಾಕೆ ನಗ್ತೀರಿ ಸಾಬ್ರೇ" ಎಂದಳು ಭಾರತಮ್ಮ, ಇನ್ನಷ್ಟು ಸಿಟ್ಟಾಗಿ.

"ನಗದೆ ಏನ್ಮಾಡ್ಲಿ ಭಾರತಮ್ಮಕ್ಕ. ಇವತ್ತು ಕೋಲಾರ ಮಾರ್ಕೆಟ್ಟಿಗೆ ಹೋಗಿ ನೋಡಿ. ಟೊಮೇಟೊ ಕೇಳೋ ನರಪಿಳ್ಳೆ ಇಲ್ಲ. ರಸ್ತೆ ಪಕ್ಕ ಸುರಿದು ಹೋಗ್ತಿದ್ದಾರೆ."

"ಯಾಕಂತೆ?"

"ಉತ್ತರದ ಕಡೆ ಲಾರಿ ಹೋಗ್ತಿಲ್ಲ. ಅಲ್ಲಿ ಮಳೆ ಅಂದ್ರೆ ಮಳೆ, ಯಾ ಅಲ್ಲಾ, ಗುಡ್ಡ ಕುಸಿದು ರಸ್ತೆನೇ ಕೊಚ್ಕೊಂಡು ಹೋಗಿದೆ. ನಿನ್ನೆ ರಾತ್ರಿಯಿಂದ ಎಲ್ಲಾ ಲಾರಿ ಇಲ್ಲೇ ನಿಂತಿವೆ. ನಿಮ್ಮ ಮಾಲು ಮೊನ್ನೆ ನಿನ್ನೆನೇ ಹೋಯ್ತು. ದೂರದ ಲಾರಿಯವರು ದಾರೀಲೇ ಹಣ್ಣಾಗಬಾರದು ಅಂತ ದೋರೆಗಾಯಿನೇ ಕೇಳ್ತಾರೆ, ಒಳ್ಳೇ ರೇಟಿಗೆ ಎತ್ಕೊಂಡ್ರು. ನಿಮ್ಮದು ಬಿಟ್ಟು ಇಡೀ ತಾಲೂಕಿನದು ಇವತ್ತು ಬೀದೀಲಿದೆ."

ಗದ್ದಲ ಮೆಲ್ಲಗೆ ಇಳಿಯಿತು. ಭಾರತಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಅವಳ ಕೈ ಸೊಂಟದಿಂದ ಜಾರಿತು.

"ಅಲ್ಲ ಸಾಬ್ರೇ, ಆ ಗುಡ್ಡ ಕುಸಿದಿದ್ದು ಯಾವ ಕಡೆ?"

"ಹಿಮಾಲಯದ ಬುಡದಲ್ಲೇ ಅಂತೆ ಅಕ್ಕ."

"ಅಂದ್ರೆ ಸೊಣ್ಣಪ್ಪನ ಕೆರೆ ತುಂಬಿಸಿದ ಮಳೇನೇ ಲಾರಿ ನಿಲ್ಲಿಸಿದ್ದು."

"ಅದೇ ಇರ್ಬೇಕು."

"ಹಂಗಾದ್ರೆ ಇವನು ಹೇಳಿದ್ದರಲ್ಲಿ ತಪ್ಪೇನಿದೆ?" ಎಂದು ಭಾರತಮ್ಮ ಊರಿನ ಕಡೆಗೆ ತಿರುಗಿದಳು. "ಕೆರೆ ಬೇರೆ ಇರಬಹುದು. ಬಚಾವಾದೋರು ನಾವೇ ತಾನೆ?"

ಬೈಯಲು ಬಾಯಿ ತೆರೆದವರೆಲ್ಲ ಆ ಬಾಯಿಯನ್ನು ಏನು ಮಾಡಬೇಕೆಂದು ತೋಚದೆ ನಗತೊಡಗಿದರು. ಸೊಣ್ಣಪ್ಪ ತೂಬಿನ ಕಲ್ಲನ್ನೇ ಹಿಡಿದುಕೊಂಡು ಉಸಿರು ಬಿಟ್ಟ. ದೂರದಲ್ಲಿ ನಿಂತಿದ್ದ ವೆಂಕಟರತ್ನಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

"ಪೂಜೆ ಏನ್ಮಾಡೋದಕ್ಕ?" ಎಂದು ಬಾಗಿನ ಹಿಡಿದ ಹೆಂಗಸೊಬ್ಬಳು ಕೇಳಿದಳು. "ಕೆರೇಲಿ ಹನಿ ನೀರಿಲ್ಲ."

"ಗಂಗಮ್ಮ ಎಷ್ಟು ಜನ ಇದ್ದಾಳೆ? ಇಲ್ಲಿ ತುಂಬಿಸೋಳೂ ಅವಳೇ, ಅಲ್ಲಿ ತುಂಬಿಸೋಳೂ ಅವಳೇ. ಲೇ ಸೊಣ್ಣಪ್ಪ, ನಿನ್ನ ಕೆರೆ ಯಾವ ದಿಕ್ಕಿಗಿದೆ ತೋರಿಸು."

ಸೊಣ್ಣಪ್ಪ ಉತ್ತರಕ್ಕೆ ಕೈ ತೋರಿದ. ಊರೆಲ್ಲ ಆ ಕಡೆಗೆ ತಿರುಗಿತು. ತಮಟೆಯವನು ಎತ್ತಿ ಹಿಡಿದಿದ್ದ ಕಡ್ಡಿಯಿಂದ ಕೊನೆಗೂ ಬಾರಿಸಿದ. ಒಣಗಿದ ಕೆರೆಯ ಏರಿಯ ಮೇಲೆ ನಿಂತು, ಕಂಡರಿಯದ ಕೆರೆಗೆ ಕೊತ್ತಗೆರೆಯ ಹೆಂಗಸರು ಬಾಗಿನ ಅರ್ಪಿಸಿದರು. ಅನಿಲ್‌ಕುಮಾರರೂ ಕೈ ಮುಗಿದರು. ಕೈ ಮುಗಿದವರು, "ಅಂತೂ ಅಂಗಳ ಖಾಲಿಯಾಯ್ತಲ್ಲ, ಇನ್ನು ಹೀಗೇ ಇರ್ಲಿ" ಎಂದರು.

"ಮುಂದಿನ ವಾರದವರೆಗೂ ಇರುತ್ತೆ ಸಾರ್" ಎಂದಳು ಭಾರತಮ್ಮ. "ಅಷ್ಟರಲ್ಲಿ ನೀರು ಬರ್ದಿದ್ರೆ ಬೀನ್ಸು ಹಾಕ್ತೀವಿ. ಊಟ ಮಾಡ್ಕೊಂಡು ಹೋಗಿ."

ಸಾಹೇಬರು ಊಟಕ್ಕೂ ನಿಲ್ಲದೆ, ಫೋಟೋಗಳು ಹಳಸುವ ಮುಂಚೆ ಮೇಲಿನವರಿಗೆ ಮುಟ್ಟಿಸಲು ಬೈಕು ಹತ್ತಿದರು.

ಎಲೆ ಹಾಕುವ ಹೊತ್ತಿಗೆ ಸೊಣ್ಣಪ್ಪನ ಫೋನು ಹೊಡೆದುಕೊಂಡಿತು. ನರೇಶ. ಈ ಸಲ ಊರೆಲ್ಲ ಕೇಳಿಸಿಕೊಳ್ಳಲಿ ಎಂದು ಭಾರತಮ್ಮನೇ ಸ್ಪೀಕರ್ ಹಾಕಿಸಿದಳು.

"ಬಾವ, ಜಲಾಶಯ ತುಂಬ್ತು. ಗೇಟು ತೆಗೆದ್ರು."

ಏರಿಯ ಮೇಲೆ ಹೋ ಎಂದು ಕೂಗೆದ್ದಿತು. ಆ ಕಡೆ ನರೇಶ ಬೆಚ್ಚಿಬಿದ್ದ. ಆಮೇಲೆ, "ಆದ್ರೆ ಚಕ್ರ ನಿಲ್ಲಿಸಿದ್ದಾರೆ ಬಾವ" ಎಂದ.

"ನಿಲ್ಲಿಸಿದ್ರಾ? ನೀರು ತುಂಬಿದ್ಮೇಲೂನಾ?"

"ಜಾಸ್ತಿ ಮಳೆಗೆ ಗುಡ್ಡದ ಮಣ್ಣೆಲ್ಲ ಬಂದು ನೀರು ಬರೀ ಕೆಸರು. ಕೆಸರಲ್ಲಿ ತಿರುಗಿಸಿದ್ರೆ ಚಕ್ರ ಸವೆದುಹೋಗುತ್ತೆ. ಅದಕ್ಕೆ ಇವತ್ತು ಶೇರು ಒಂಚೂರು ಇಳೀತು."

ಸೊಣ್ಣಪ್ಪ ಹಣೆ ಒರೆಸಿಕೊಂಡ. "ಲೇ, ಮಳೆ ಬರ್ದಿದ್ರೂ ಇಳಿಯುತ್ತೆ, ಬಂದ್ರೂ ಇಳಿಯುತ್ತೆ. ಇದು ಏರೋದು ಯಾವಾಗಲೋ?"

"ಯೋಚನೆ ಮಾಡ್ಬೇಡಿ ಬಾವ. ಎರಡು ಮೂರು ದಿನ ಅಷ್ಟೇ. ಕೆಸರು ಕೂತು ನೀರು ತಿಳಿಯಾದ್ರೆ ಚಕ್ರ ತಿರುಗುತ್ತೆ. ಕೆರೆ ತುಂಬಿದೆಯಲ್ಲ, ಮುಂದಿನ ಬೇಸಿಗೆ ಮುಗಿಯೋವರೆಗೂ ಭಯ ಇಲ್ಲ."

ಸೊಣ್ಣಪ್ಪ ಫೋನು ಇಟ್ಟು ಸುತ್ತ ನೋಡಿದ. ಪಂಕ್ತಿಯಲ್ಲಿ ಕೂತವರೆಲ್ಲ ಮುದ್ದೆ ಮುಟ್ಟದೆ ಅವನ ಮುಖವನ್ನೇ ನೋಡುತ್ತಿದ್ದರು, ಆಸ್ಪತ್ರೆಯಿಂದ ಬಂದ ಸುದ್ದಿ ಕೇಳುವವರಂತೆ.

"ಏನಂತೆ?" ಎಂದ ಓಬೇದುಲ್ಲಾ, ಎಲ್ಲ ಕೇಳಿಸಿಕೊಂಡಿದ್ದರೂ.

"ಕೆಸರು ಕೂರ್ಬೇಕಂತೆ ಭಾಯ್."

ಭಾರತಮ್ಮ ಪಂಕ್ತಿಯ ನಡುವೆ ಜಾಗ ಮಾಡಿಸಿ ಎಲೆಯೊಂದನ್ನು ಹಾಸಿದಳು. "ಅದು ಕೂರುತ್ತೆ ಬಿಡು" ಎಂದಳು. "ಮೊದಲು ನೀನು ಕೂತ್ಕೋ. ಪಾಯಸ ಆರ್ತಿದೆ."